ಹತ್ತು ಲಕ್ಷ ಇಮೇಲ್‌ಗಳು, ಇಪ್ಪತ್ತು ಪ್ರಶ್ನೆಗಳು: ಸಾಮಾಜಿಕ ಜಾಲತಾಣ ಮತ್ತು ಗ್ರಾಹಕ ಹೋರಾಟ

2015ರ ಮಾರ್ಚ್ 27ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ನಾವೆಲ್ಲ ಟ್ರಾಯ್ ಎಂದು ಕರೆಯುವ ಸಂಸ್ಥೆ, 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಪ್ರಕಟಿಸಿತು. ವಾಟ್ಸ್ಆ್ಯಪ್, ಸ್ಕೈಪ್‌ನಂಥ ಸೇವೆಗಳಿಗೆ ಪರವಾನಗಿ ಬೇಕೇ, ಅಂತರ್ಜಾಲದ ಬೇರೆ ಬೇರೆ ಬಳಕೆಗೆ ಮೊಬೈಲ್ ಕಂಪನಿಗಳು ಬೇರೆ ಬೇರೆ ದರ ಹಾಕಬಹುದೇ ಎಂಬಂಥ 20 ಪ್ರಶ್ನೆಗಳು ಅದರಲ್ಲಿದ್ದವು. ಉತ್ತರಿಸಲು ಏಪ್ರಿಲ್ 24ರವರೆಗೆ ಸಮಯವಿತ್ತು. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಯಾರು ಉತ್ತರ ಬರೆಯುತ್ತಾರೆಂದು ನೀವೇ ಊಹಿಸಬಹುದು. ಕಂಪನಿಗಳ ಕಾನೂನು ವಿಭಾಗಗಳು, ಉದ್ಯಮ ಸಂಘಗಳು, ಕೆಲವು ವಕೀಲರು, ಬೆರಳೆಣಿಕೆಯ ಗ್ರಾಹಕ ಸಂಘಟನೆಗಳು. ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸುವ ಗ್ರಾಹಕ ಬರೆಯಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ, ಆದರೆ ಅವನು ಬರೆಯುವ ರೂಢಿಯೂ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್‌ಗೆ ಹೋದವು. ಸಾಮಾಜಿಕ ಜಾಲತಾಣಗಳಲ್ಲಿ ಒಟ್ಟುಗೂಡುವ ಗ್ರಾಹಕರಿಗೆ ನಿಜವಾದ ಬಲ ಬರುವುದು ಯಾವಾಗ, ಬಲ ಬಂದಂತೆ ಬರೀ ತೋರುವುದು ಯಾವಾಗ ಎಂಬುದು ಇಂದಿನ ನನ್ನ ವಿಷಯ. ಅದಕ್ಕೆ ಈ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಸಿಕ್ಕಿಲ್ಲ.

ಹಿನ್ನೆಲೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಕಂಪನಿಯು ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿ, ಜನ ತಿರುಗಿಬಿದ್ದಾಗ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಮೇಲ್ನೋಟಕ್ಕೆ ಇದು ಒಂದು ಕಂಪನಿಯ ದರಪಟ್ಟಿಯ ವಿಷಯ. ಒಳಗಿದ್ದ ತತ್ವ ಮಾತ್ರ ದೊಡ್ಡದು. ನಿಮ್ಮ ಮನೆಯ ಮೀಟರ್ ನೋಡಿ ಬೆಸ್ಕಾಂ ಯೂನಿಟ್ಟಿನ ಲೆಕ್ಕದಲ್ಲಿ ಹಣ ಕೇಳುತ್ತದೆಯೇ ಹೊರತು, ಆ ಯೂನಿಟ್ಟಿನಲ್ಲಿ ಮಿಕ್ಸಿ ಓಡಿಸಿದಿರೋ ಟಿವಿ ನೋಡಿದಿರೋ ಎಂದು ವಿಚಾರಿಸುವುದಿಲ್ಲ. ಡೇಟಾ ಮಾರುವ ಕಂಪನಿಯೂ ಹಾಗೆಯೇ ಇರಬೇಕು, ಯಾವ ಆ್ಯಪ್ ಬಳಸಿದಿರಿ ಎಂಬುದು ಅದರ ಕೆಲಸವಲ್ಲ ಎಂಬ ನಿಲುವಿಗೆ ನೆಟ್ ನ್ಯೂಟ್ರಾಲಿಟಿ ಅಥವಾ ಅಂತರ್ಜಾಲ ತಟಸ್ಥತೆ ಎಂದು ಹೆಸರು.

ಈಗ ಸ್ವಯಂಸೇವಕರು ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪತ್ರಕರ್ತರು, ವಕೀಲರು, ಪ್ರೋಗ್ರಾಮರುಗಳು ಸೇರಿದ ಒಂದು ಗುಂಪು ಮೊದಲು ಆ 118 ಪುಟಗಳನ್ನು ಓದಿ, ಸಾಮಾನ್ಯರು ಓದಬಲ್ಲ ಸಂಗ್ರಹವನ್ನು ಸಿದ್ಧಪಡಿಸಿತು. ಆಮೇಲೆ 20 ಪ್ರಶ್ನೆಗಳಿಗೆ, ಟ್ರಾಯ್ ಕೇಳಿದ ಕ್ರಮದಲ್ಲಿಯೇ, ಕರಡು ಉತ್ತರಗಳನ್ನು ಬರೆಯಿತು. ‘ಸೇವ್ ದ ಇಂಟರ್ನೆಟ್’ ಎಂಬ ತಾಣದಲ್ಲಿ ಆ ಉತ್ತರಗಳನ್ನು ಇಟ್ಟು, ಒಂದು ಗುಂಡಿ ಒತ್ತಿದರೆ ಅವು ನಿಮ್ಮದೇ ಇಮೇಲ್‌ನಿಂದ, ನಿಮ್ಮ ಹೆಸರಿನಲ್ಲಿ ಟ್ರಾಯ್‌ಗೆ ಹೋಗುವಂತೆ ಮಾಡಿತು. ಕಳುಹಿಸುವ ಮುನ್ನ ತಿದ್ದಿಕೊಳ್ಳುವ ಸ್ವಾತಂತ್ರ್ಯವೂ ನಿಮಗಿತ್ತು. ಏಪ್ರಿಲ್ 11ರಂದು ಎಐಬಿ ಎಂಬ ಹಾಸ್ಯ ತಂಡ ಇದರ ಬಗ್ಗೆ ಒಂದು ವಿಡಿಯೊ ಹಾಕಿದ ಮೇಲೆ ಇಮೇಲ್‌ಗಳ ಪ್ರವಾಹವೇ ಶುರುವಾಯಿತು. ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ವಿಡಿಯೊವನ್ನು. ನನಗೆ ಮುಖ್ಯವೆನಿಸುವುದು ಅದಕ್ಕಿಂತ ಮೊದಲು ನಡೆದಿದ್ದ, ಯಾರಿಗೂ ಕಾಣದ ಓದುವ ಮತ್ತು ಬರೆಯುವ ಕೆಲಸ. ವಿಡಿಯೊ ನೋಡಿ ಸಿಟ್ಟಿಗೆದ್ದ ಹುಡುಗನಿಗೆ ಆ ಸಿಟ್ಟನ್ನು ಎಲ್ಲಿಗೆ, ಯಾವ ರೂಪದಲ್ಲಿ ಕಳುಹಿಸಬೇಕು ಎಂಬುದು ಅಷ್ಟರಲ್ಲಿ ಸಿದ್ಧವಾಗಿತ್ತು.

ಅದೇ ವಾರಗಳಲ್ಲಿ ಇನ್ನೊಂದು ಒತ್ತಡವೂ ಕೆಲಸ ಮಾಡಿತು. ಏರ್‌ಟೆಲ್ ಏಪ್ರಿಲ್ 6ರಂದು ‘ಏರ್‌ಟೆಲ್ ಝೀರೊ’ ಯೋಜನೆ ತಂದಿತು. ಅದರಡಿ ಆ್ಯಪ್ ಕಂಪನಿ ಹಣ ಕೊಟ್ಟರೆ ಆ ಆ್ಯಪ್ ಬಳಕೆಗೆ ಗ್ರಾಹಕನ ಡೇಟಾ ಕಳೆಯುವುದಿಲ್ಲ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದಕ್ಕೆ ಸೇರಲು ಮಾತುಕತೆ ನಡೆಸಿತ್ತು. ಜನ ಪ್ಲೇ ಸ್ಟೋರ್‌ಗೆ ಹೋಗಿ ಅದರ ಆ್ಯಪಿಗೆ ಒಂದೊಂದೇ ನಕ್ಷತ್ರ ಕೊಡತೊಡಗಿದರು. ಏಪ್ರಿಲ್ 14ರಂದು ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು. ಮರುದಿನ ಪ್ರಯಾಣದ ಟಿಕೆಟ್ ಮಾರುವ ಕ್ಲಿಯರ್‌ಟ್ರಿಪ್, ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಫೇಸ್‌ಬುಕ್ಕಿನ ‘ಇಂಟರ್ನೆಟ್ ಡಾಟ್ ಆರ್ಗ್’ ಯೋಜನೆಯಿಂದ ಹೊರಬಂದಿತು. ಬಹಿಷ್ಕಾರ ಎಂಬುದು ಹಳೆಯ ಅಸ್ತ್ರವೇ. ಆದರೆ ಇಲ್ಲಿ ಬಹಿಷ್ಕರಿಸಲು ಕೊಳ್ಳುವುದನ್ನು ನಿಲ್ಲಿಸಬೇಕೆಂದೇನೂ ಇರಲಿಲ್ಲ, ಅಂಗಡಿಯ ಫಲಕದ ಮೇಲಿನ ಅಂಕ ಇಳಿಸಿದರೆ ಸಾಕಾಗಿತ್ತು.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು. ಟ್ರಾಯ್ ತನ್ನ ಪಾರದರ್ಶಕತೆಯ ಸಂಪ್ರದಾಯದಂತೆ ಬಂದ ಅಭಿಪ್ರಾಯಗಳನ್ನೆಲ್ಲ ತನ್ನ ತಾಣದಲ್ಲಿ ಪ್ರಕಟಿಸಿತು. ಹತ್ತಿಪ್ಪತ್ತು ಸಂಸ್ಥೆಗಳು ಉತ್ತರಿಸುತ್ತಿದ್ದ ಕಾಲದಲ್ಲಿ ಇದು ಒಳ್ಳೆಯ ಸಂಪ್ರದಾಯ. ಈ ಸಲ ಹತ್ತು ಲಕ್ಷಕ್ಕೂ ಹೆಚ್ಚು ಜನರ ಇಮೇಲ್ ವಿಳಾಸಗಳು ಹೆಸರಿನ ಸಮೇತ ಬಹಿರಂಗವಾದವು. ಜಾಹೀರಾತು ಕಳುಹಿಸುವವರಿಗೆ, ವಂಚಕರಿಗೆ ಇದಕ್ಕಿಂತ ಅಚ್ಚುಕಟ್ಟಾದ ಪಟ್ಟಿ ಎಲ್ಲಿ ಸಿಗುತ್ತದೆ? ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಸಾಮಾನ್ಯ ಗ್ರಾಹಕ ಬಾಗಿಲು ತಟ್ಟಬಹುದೆಂಬ ಕಲ್ಪನೆಯೇ ಆ ವ್ಯವಸ್ಥೆಯನ್ನು ರೂಪಿಸಿದವರಿಗೆ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇಷ್ಟಕ್ಕೇ ಕಥೆ ಮುಗಿದಿದ್ದರೆ, ‘ಹತ್ತು ಲಕ್ಷ ಜನ ಸೇರಿದರು, ಗೆದ್ದರು’ ಎಂದು ಹೇಳಿ ನಾವು ಸಂತೋಷಪಡಬಹುದಿತ್ತು. ಎರಡನೆಯ ಸುತ್ತು ಹಾಗೆ ಹೇಳಲು ಬಿಡುವುದಿಲ್ಲ. ಟ್ರಾಯ್ 2015ರ ಡಿಸೆಂಬರ್ 9ರಂದು ಡೇಟಾ ದರದ ತಾರತಮ್ಯವೊಂದನ್ನೇ ಕುರಿತು ಮತ್ತೊಂದು ಸಮಾಲೋಚನಾ ಪತ್ರ ತಂದಿತು. ಈ ಸಲ ಪ್ರಶ್ನೆಗಳು ನಾಲ್ಕೇ. ಅಷ್ಟು ಹೊತ್ತಿಗೆ ಫೇಸ್‌ಬುಕ್ ತನ್ನ ಯೋಜನೆಗೆ ‘ಫ್ರೀ ಬೇಸಿಕ್ಸ್’ ಎಂದು ಹೊಸ ಹೆಸರಿಟ್ಟಿತ್ತು. ಆಯ್ದ ಕೆಲವು ತಾಣಗಳು ಬಡವರಿಗೆ ಉಚಿತವಾಗಿ ಸಿಗುತ್ತವೆ, ಬೇಡ ಎನ್ನುವವರು ಬಡವರ ವಿರೋಧಿಗಳು ಎಂಬುದು ಅದರ ವಾದದ ತಿರುಳು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದವು. ಜೊತೆಗೆ, ಫೇಸ್‌ಬುಕ್ ತೆರೆದವರಿಗೆ ‘ಫ್ರೀ ಬೇಸಿಕ್ಸ್ ಬೆಂಬಲಿಸಿ ಟ್ರಾಯ್‌ಗೆ ಬರೆಯಿರಿ’ ಎಂಬ ಸೂಚನೆ ಕಾಣಿಸತೊಡಗಿತು. ನಿಮ್ಮಲ್ಲಿ ಕೆಲವರಾದರೂ ಆಗ ಅದನ್ನು ಒತ್ತಿರಬಹುದು, ಸಂಕೋಚಪಡಬೇಕಿಲ್ಲ. ಸ್ನೇಹಿತರ ಹೆಸರುಗಳ ಜೊತೆಗೆ ಬಂದ ಸೂಚನೆಯನ್ನು ಜನ ಒತ್ತುವುದು ಸಹಜ.

ಟ್ರಾಯ್‌ಗೆ ಆ ಸಲ ಬಂದ ಅಭಿಪ್ರಾಯಗಳು ಸುಮಾರು 24 ಲಕ್ಷ, ಅವುಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಫ್ರೀ ಬೇಸಿಕ್ಸ್ ಪರವಾಗಿದ್ದ ಸಿದ್ಧ ಒಕ್ಕಣೆಗಳು. ತಲೆಯೆಣಿಕೆಯೇ ತೀರ್ಪಾಗಿದ್ದರೆ ಫೇಸ್‌ಬುಕ್ ಗೆದ್ದುಬಿಟ್ಟಿತ್ತು. ಆದರೆ ಆ ಒಕ್ಕಣೆಯಲ್ಲಿ ಇದ್ದುದು ‘ನಾನು ಫ್ರೀ ಬೇಸಿಕ್ಸ್ ಬೆಂಬಲಿಸುತ್ತೇನೆ’ ಎಂಬ ಅರ್ಥದ ಮಾತುಗಳೇ ಹೊರತು, ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರವಲ್ಲ. ಟ್ರಾಯ್ ಇದನ್ನು ಗಮನಿಸಿ, ಹಾಗೆ ಬರೆದವರಿಗೆ ಪ್ರಶ್ನೆಗಳನ್ನು ತಲುಪಿಸಿ ನಿರ್ದಿಷ್ಟ ಉತ್ತರ ಪಡೆಯುವಂತೆ ಫೇಸ್‌ಬುಕ್ಕಿಗೆ ಹೇಳಿತು. ಸಮಾಲೋಚನೆ ಎಂಬುದು ಜನಮತಗಣನೆಯಲ್ಲ ಎಂಬ ಧಾಟಿಯ ಖಾರವಾದ ಪತ್ರವನ್ನೂ 2016ರ ಜನವರಿಯಲ್ಲಿ ಬರೆಯಿತು. ಫೆಬ್ರವರಿ 8ರಂದು ಹೊರಟ ನಿಯಮಾವಳಿಯು ಗ್ರಾಹಕ ಯಾವ ತಾಣ, ಯಾವ ಆ್ಯಪ್ ಬಳಸುತ್ತಾನೆಂಬುದನ್ನು ನೋಡಿ ಡೇಟಾ ದರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಉಲ್ಲಂಘಿಸಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ಮೂರೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು.

ಸ್ವಯಂಸೇವಕರ ಇಮೇಲ್ ಕೂಡ ಸಿದ್ಧ ಒಕ್ಕಣೆಯೇ ಅಲ್ಲವೇ, ಅದನ್ನೂ ಬಹಳ ಜನ ಓದದೆ ಕಳುಹಿಸಿರಲಾರರೇ ಎಂದು ನೀವು ಕೇಳಬಹುದು. ಖಂಡಿತ ಕಳುಹಿಸಿದ್ದಾರೆ. ಈ ವಿಷಯದಲ್ಲಿ ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಒಕ್ಕಣೆಯ ಒಳಗಿತ್ತು. ಒಂದರಲ್ಲಿ ನಿಯಮ ಬರೆಯುವ ಅಧಿಕಾರಿ ತನ್ನ ಆದೇಶದಲ್ಲಿ ಎತ್ತಿ ಚರ್ಚಿಸಬಹುದಾದ ವಾದಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಸಂಖ್ಯೆಯನ್ನು ಹಣವಿದ್ದವರು, ಅದಕ್ಕಿಂತ ಹೆಚ್ಚಾಗಿ ವೇದಿಕೆಯ ಒಡೆತನವೇ ಇದ್ದವರು, ಒಂದು ಸೂಚನೆ ತೋರಿಸಿ ಗಳಿಸಬಲ್ಲರು. ಗ್ರಾಹಕರ ಸಂಘಟನೆಯು ಸಂಖ್ಯೆಯನ್ನೇ ತನ್ನ ಬಂಡವಾಳ ಎಂದುಕೊಂಡರೆ, ಎದುರಾಳಿಯ ಅಂಗಳದಲ್ಲಿ ಎದುರಾಳಿಯ ನಿಯಮದ ಪ್ರಕಾರ ಆಡಲು ಹೊರಟಂತೆ.

ಇನ್ನು ನಮ್ಮ ದಿನನಿತ್ಯದ ದೂರುಗಳ ಕಡೆಗೆ ಬರುತ್ತೇನೆ. ತಂದ ವಾಷಿಂಗ್ ಮಷಿನ್ ಕೆಟ್ಟಿದೆ, ಕಸ್ಟಮರ್ ಕೇರ್ ಫೋನ್ ಎತ್ತುವುದಿಲ್ಲ, ಕೊನೆಗೆ ನೀವು ಕಂಪನಿಯ ಹೆಸರು ಹಾಕಿ ಎಕ್ಸ್‌ನಲ್ಲಿ ಬರೆಯುತ್ತೀರಿ. ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ, ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ವಿವರಗಳನ್ನು ಡಿಎಂ ಮಾಡಿ.’ ಬಹಿರಂಗದಲ್ಲಿ ಶುರುವಾದ ಮಾತು ಅಲ್ಲಿಂದ ಖಾಸಗಿಗೆ ಸರಿಯಿತು. ನಿಮ್ಮ ಹಿಂಬಾಲಕರು ಹೆಚ್ಚಿದ್ದರೆ ಬೇಗ, ಕಡಿಮೆಯಿದ್ದರೆ ನಿಧಾನವಾಗಿ, ಹಣ ವಾಪಸು ಬರುತ್ತದೆ. ನೀವು ಪೋಸ್ಟ್ ಅಳಿಸುತ್ತೀರಿ, ಇಲ್ಲವೇ ‘ಸಮಸ್ಯೆ ಪರಿಹಾರವಾಗಿದೆ, ಧನ್ಯವಾದ’ ಎಂದು ಬರೆಯುತ್ತೀರಿ. ಅದೇ ಮಾದರಿಯ ಯಂತ್ರ ಕೊಂಡ ಮುಂದಿನ ಗ್ರಾಹಕನಿಗೆ ಇದರಿಂದ ಏನೂ ಸಿಕ್ಕಿಲ್ಲ. ಕಂಪನಿ ತನ್ನ ಯಾವ ನಿಯಮವನ್ನೂ ಬದಲಿಸಿಲ್ಲ, ಗಲಾಟೆ ಮಾಡಬಲ್ಲ ಒಬ್ಬರನ್ನು ಸಮಾಧಾನಪಡಿಸಿದೆ. ಹಾಗೆ ಹಣ ಪಡೆದವರನ್ನು ನಾನು ದೂರುತ್ತಿಲ್ಲ, ಅದು ಅವರದೇ ಹಣ. ಆದರೆ ಇದನ್ನು ಗ್ರಾಹಕ ಚಳವಳಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆ ಬರೆಯುವವರಿಗೆ ಒಂದು ಎಚ್ಚರಿಕೆ. ಬ್ಯಾಂಕಿನ ಹೆಸರು ಹಾಕಿ ದೂರು ಬರೆದ ಕೂಡಲೇ ಬ್ಯಾಂಕಿನ ಲಾಂಛನ ಅಂಟಿಸಿಕೊಂಡ ನಕಲಿ ಖಾತೆಗಳು ಕೆಳಗೆ ಬಂದು ಫೋನ್ ನಂಬರ್ ಕೇಳುತ್ತವೆ, ಫಾರ್ಮ್ ತುಂಬಿಸಲು ಲಿಂಕ್ ಕೊಡುತ್ತವೆ. ಸಿಟ್ಟಿನಲ್ಲಿರುವ ಗ್ರಾಹಕನಿಗೆ ಯಾರಾದರೂ ಉತ್ತರಿಸಿದರೆ ಸಾಕು ಎನಿಸಿರುತ್ತದೆ, ವಂಚಕರು ಕಾಯುವುದೂ ಆ ಘಳಿಗೆಗೇ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸರಕು ಸೇವೆಯ ದೂರಿಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆನ್‌ಲೈನ್ ಮಾರಾಟದ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಪೋಸ್ಟ್ ಹಾಕುವ ಮೊದಲು ಆ ಅಧಿಕಾರಿಗೆ ಬರೆದಿದ್ದರೆ, ಪೋಸ್ಟಿನಲ್ಲಿ ಹೇಳಲು ನಿಮ್ಮ ಬಳಿ ಒಂದು ದಿನಾಂಕವಾದರೂ ಇರುತ್ತದೆ.

ವಿಮರ್ಶೆಗಳ ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಗ್ರಾಹಕರು ತಮ್ಮ ಅನುಭವ ಬರೆಯುವ ಮೌತ್‌ಶಟ್ ಎಂಬ ಭಾರತೀಯ ತಾಣ 2000ದಿಂದ ಇದೆ. ಕಟುವಾದ ವಿಮರ್ಶೆಗಳನ್ನು ತೆಗೆಯಿರಿ ಎಂಬ ನೋಟಿಸುಗಳ ಕಾಟದಿಂದ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಅಂತರ್ಜಾಲದಲ್ಲಿ ಆಕ್ಷೇಪಾರ್ಹವೆನಿಸಿದ್ದನ್ನು ಬರೆದವರನ್ನು ಶಿಕ್ಷಿಸಲು ಬಳಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿದ 2015ರ ಮಾರ್ಚ್ 24ರ ಶ್ರೇಯಾ ಸಿಂಘಲ್ ತೀರ್ಪು ನಮಗೆಲ್ಲ ಗೊತ್ತು. ಅದೇ ತೀರ್ಪಿನ ಇನ್ನೊಂದು ಭಾಗದಲ್ಲಿ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಇಲ್ಲದೆ ಯಾರೋ ಖಾಸಗಿಯವರು ನೋಟಿಸು ಕೊಟ್ಟರೆಂಬ ಕಾರಣಕ್ಕೆ ಮಾತ್ರ ತಾಣವೊಂದು ಬರಹವನ್ನು ಕಿತ್ತುಹಾಕಬೇಕಾಗಿಲ್ಲ ಎಂಬ ಅರ್ಥವನ್ನು ಕೋರ್ಟು 79ನೇ ಕಲಮಿಗೆ ಕೊಟ್ಟಿತು. ಇಂದು ನೀವು ಹೋಟೆಲಿನ ಬಗ್ಗೆಯೋ ಆಸ್ಪತ್ರೆಯ ಬಗ್ಗೆಯೋ ಬರೆದ ಸಾಲು ಉಳಿದುಕೊಂಡಿದ್ದರೆ ಅದಕ್ಕೆ ಈ ಪುಟ್ಟ ತಾಣದ ದಾವೆಯೂ ಒಂದು ಕಾರಣ. ಸುಳ್ಳು ವಿಮರ್ಶೆ ಬರೆಸುವ ದಂಧೆಗೆ ತಡೆಯಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತಾದರೂ, ಅದನ್ನು ಐಚ್ಛಿಕವಾಗಿ ತಂದದ್ದರಿಂದ ನಾನು ಅದರಿಂದ ಹೆಚ್ಚು ನಿರೀಕ್ಷಿಸಲಿಲ್ಲ.

ಈಗ ಕನ್ನಡದ್ದೇ ಆದ ಪ್ರಸಂಗಕ್ಕೆ ಬರೋಣ. ಕನ್ನಡ ಗ್ರಾಹಕರ ಕೂಟ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಭಾಷೆಯನ್ನು ಅಭಿಮಾನದ ವಿಷಯವಾಗಿ ನೋಡುವ ನಮ್ಮ ದೊಡ್ಡ ಪರಂಪರೆಯ ಪಕ್ಕದಲ್ಲಿ, ಅದನ್ನು ಕೊಳ್ಳುವವನ ಹಕ್ಕಾಗಿ ನೋಡುವ ಹೊಸ ಧಾಟಿಯನ್ನು ಬೆಳೆಸಿದವರಲ್ಲಿ ಈ ಕೂಟದವರು ಮುಖ್ಯರು. ಔಷಧದ ಡಬ್ಬಿಯ ಮೇಲೆ ಅವಧಿ ಮುಗಿಯುವ ದಿನಾಂಕ ಅರ್ಥವಾಗದವನಿಗೆ ಗ್ರಾಹಕ ಹಕ್ಕು ಎಲ್ಲಿಯದು? 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು, ಬೇರೆ ಭಾಷೆಯಲ್ಲಿ ಹಾಕುವುದಕ್ಕೆ ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಬ್ಯಾಂಕಿನ ಕೌಂಟರುಗಳ ಸೂಚನಾಫಲಕಗಳು ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವಾ ನಿಯಮಗಳೇ ಹೇಳುತ್ತವೆ. ಅಂದರೆ ಎಲ್ಲಿ ನಿಯಮ ನಮ್ಮ ಪರ ಇದೆ, ಎಲ್ಲಿ ನಿಯಮವನ್ನೇ ಬದಲಿಸಬೇಕು ಎಂದು ತಿಳಿಯದೆ ಎಲ್ಲ ಕಡೆಯೂ ಒಂದೇ ದನಿಯಲ್ಲಿ ಕೂಗಿ ಪ್ರಯೋಜನವಿಲ್ಲ.

ಈ ಧಾಟಿ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು ಡಬ್ಬಿಂಗ್ ವಿಷಯದಲ್ಲಿ. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರುವುದನ್ನು 1960ರ ದಶಕದಿಂದ ನಮ್ಮ ಚಿತ್ರರಂಗ ತಡೆದಿತ್ತು. ಅದಕ್ಕೆ ಯಾವ ಕಾನೂನೂ ಇರಲಿಲ್ಲ, ಹಿರಿಯ ಸಾಹಿತಿಗಳು ಮತ್ತು ಕಲಾವಿದರ ಚಳವಳಿಯ ನೈತಿಕ ಬಲವಿತ್ತು, ಆಗಿನ ಬಡ ಚಿತ್ರರಂಗಕ್ಕೆ ಆ ರಕ್ಷಣೆ ಬೇಕಾಗಿಯೂ ಇತ್ತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಹಲವು ಭಾರತೀಯ ಭಾಷೆಗಳಲ್ಲಿ ಟಿವಿಗೆ ಬಂದರೂ ಕನ್ನಡದಲ್ಲಿ ಬರಲಿಲ್ಲ. ಬ್ಲಾಗ್ ಮತ್ತು ಫೇಸ್‌ಬುಕ್ಕಿನಲ್ಲಿ ವರ್ಷಗಳಿಂದ ನಡೆದಿದ್ದ ಚರ್ಚೆಗೆ ಅದು ಕಿಡಿ ಹೊತ್ತಿಸಿತು. ಒಂದು ಕಡೆಯವರು ‘ನನ್ನ ಭಾಷೆಯಲ್ಲಿ ನೋಡುವುದು ನನ್ನ ಆಯ್ಕೆ’ ಎಂದರು, ಇನ್ನೊಂದು ಕಡೆಯವರು ತಂತ್ರಜ್ಞರ ಮತ್ತು ಕಿರುತೆರೆ ಕಲಾವಿದರ ಹೊಟ್ಟೆಪಾಡನ್ನು ಮುಂದಿಟ್ಟರು. ಎರಡನೆಯದನ್ನು ನಾನು ಹಗುರವಾಗಿ ನೋಡುವುದಿಲ್ಲ. ಡಬ್ ಆದ ಧಾರಾವಾಹಿ ಒಂದು ಬಂದಾಗ ಇಲ್ಲಿ ತಯಾರಾಗಬಹುದಿದ್ದ ಧಾರಾವಾಹಿಯ ಜಾಗ ಹೋಗುತ್ತದೆ ಎಂಬುದು ನಿಜ.

ಆದರೆ ಕೂಟದವರು ಆ ವಾಗ್ವಾದವನ್ನು ಫೇಸ್‌ಬುಕ್ಕಿನಲ್ಲೇ ಗೆಲ್ಲಲು ಹೋಗಲಿಲ್ಲ. ಅವರು ಭಾರತೀಯ ಸ್ಪರ್ಧಾ ಆಯೋಗಕ್ಕೆ 2012ರಲ್ಲೇ ದೂರು ಕೊಟ್ಟರು. ಕಮೆಂಟುಗಳಲ್ಲಿ ಹರಿದಾಡುತ್ತಿದ್ದ ನೂರು ವಾದಗಳಲ್ಲಿ ಆಯೋಗದ ವ್ಯಾಪ್ತಿಗೆ ಬರುವುದು ಒಂದೇ ಆಗಿತ್ತು. ಸಂಘಗಳು ಒಟ್ಟಾಗಿ ಒಂದು ಬಗೆಯ ಸರಕು ಮಾರುಕಟ್ಟೆಗೆ ಬಾರದಂತೆ ತಡೆಯುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿಗೆ ವಿರುದ್ಧ ಎಂಬ ವಾದ. ಭಾಷೆಯ ಭವಿಷ್ಯ, ಸಂಸ್ಕೃತಿ, ಅಭಿಮಾನ ಎಲ್ಲವನ್ನೂ ಹೊರಗೆ ಬಿಟ್ಟು ಈ ಒಂದನ್ನು ಹಿಡಿದರು. 2015ರ ಜುಲೈ 27ರ ಆದೇಶದಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಮತ್ತೆರಡು ಸಂಘಗಳಿಗೂ ದಂಡ ವಿಧಿಸಿತು. ಬಂಗಾಳಿಗೆ ಡಬ್ ಆದ ಮಹಾಭಾರತ ಧಾರಾವಾಹಿಯ ಪ್ರಕರಣದಲ್ಲಿ 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಎತ್ತಿಹಿಡಿಯಿತು. ಅದೇ ತಿಂಗಳು ಡಬ್ ಆದ ತಮಿಳು ಚಿತ್ರವೊಂದು ಕನ್ನಡದಲ್ಲಿ ತೆರೆಕಂಡಿತು. 2020ರ ಲಾಕ್‌ಡೌನ್ ಹೊತ್ತಿಗೆ ಮಹಾಭಾರತವನ್ನು ಮನೆಮಂದಿಯೆಲ್ಲ ಕನ್ನಡದಲ್ಲಿ ನೋಡುತ್ತಿದ್ದರು. ಡಬ್ಬಿಂಗ್‌ನಿಂದ ಕನ್ನಡಕ್ಕೆ ಒಳಿತಾಯಿತೇ ಎಂದು ಕೇಳಿದರೆ ಅದು ಬೇರೆಯದೇ ಉಪನ್ಯಾಸವಾದೀತು. ಇಲ್ಲಿ ನೋಡಬೇಕಾದುದು ಜಾಲತಾಣದ ಒಂದು ಜಗಳ ಕಾಯ್ದೆಯ ಒಂದು ಕಲಮಿಗೆ ಹೊಂದುವ ದೂರಾಗಿ ಬದಲಾದ ಬಗೆಯನ್ನು.

ಕೊನೆಯದಾಗಿ, ನಮ್ಮಲ್ಲಿ ಹೆಚ್ಚಿನವರು ಸದಸ್ಯರಾಗಿರುವ ಗುಂಪಿನ ಬಗ್ಗೆ, ಅಂದರೆ ಫ್ಲ್ಯಾಟ್ ಕೊಂಡವರ ವಾಟ್ಸ್ಆ್ಯಪ್ ಗ್ರೂಪಿನ ಬಗ್ಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಥ ಗ್ರೂಪುಗಳಿಗೆ ಲೆಕ್ಕವಿಲ್ಲ. ಬೆಳಿಗ್ಗೆ ಶುಭೋದಯದ ಚಿತ್ರಗಳು, ಆಮೇಲೆ ಸೆಂಟ್ರಿಂಗ್ ಇನ್ನೂ ಬಿಚ್ಚದ ಮಹಡಿಯ ಫೋಟೊ, ಮಧ್ಯಾಹ್ನ ಬಿಲ್ಡರ್‌ಗೆ ಬೈಗುಳ, ರಾತ್ರಿ ಯಾರೋ ಕಳುಹಿಸಿದ ಗಾಳಿಸುದ್ದಿ, ‘ಲಾಯರ್ ನೋಡೋಣ ಸಾರ್’ ಎಂಬ ಸಲಹೆ, ಅದಕ್ಕೆ ನಲವತ್ತು ಹೆಬ್ಬೆರಳು. ಯಾರ ಒಪ್ಪಂದದಲ್ಲಿ ಸ್ವಾಧೀನದ ದಿನಾಂಕ ಯಾವುದು, ಯಾರು ಎಷ್ಟು ಕಂತು ಕಟ್ಟಿದ್ದಾರೆ ಎಂದು ಕೇಳಿದರೆ ಮಾತ್ರ ಗ್ರೂಪು ಮೌನವಾಗುತ್ತದೆ.

2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಂಥ ಪ್ರತಿ ಗ್ರೂಪಿನ ಅಡ್ಮಿನ್ ಓದಬೇಕು. ಸುಮಾರು 1,134 ಮನೆಗಳ ಸಮುಚ್ಚಯದಲ್ಲಿ 51 ಮನೆಗಳನ್ನು ಕೊಂಡ 91 ಜನ, ಮನೆ ಕೊಡುವುದು ತಡವಾಯಿತೆಂದು ಎಲ್ಲ ಖರೀದಿದಾರರ ಪರವಾಗಿ ಒಂದೇ ದೂರು ಹಾಕಿದ್ದರು. ಸಮಾನ ಹಿತಾಸಕ್ತಿಯ ಗ್ರಾಹಕರೆಲ್ಲರ ಪರವಾಗಿ ಕೆಲವರು, ಆಯೋಗದ ಅನುಮತಿ ಪಡೆದು, ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಎಲ್ಲ 1,134 ಮನೆಗಳವರ ಹಿತಾಸಕ್ತಿಯೂ ಒಂದೇ ಎಂದು ತೋರಿಸುವ ವಿವರ ದೂರಿನಲ್ಲಿ ಇರಲಿಲ್ಲ. ಬ್ಲಾಕಿನಿಂದ ಬ್ಲಾಕಿಗೆ ಪರಿಸ್ಥಿತಿ ಬೇರೆಯಾಗಿತ್ತು. ಆದ್ದರಿಂದ ಎಲ್ಲರ ಪರವಾದ ದೂರು ಎಂದು ಅದನ್ನು ಒಪ್ಪಲು ಕೋರ್ಟು ನಿರಾಕರಿಸಿ, ದೂರು ಕೊಟ್ಟವರ ಮಟ್ಟಿಗೆ ಜಂಟಿ ದೂರಾಗಿ ಮುಂದುವರಿಯಲು ಬಿಟ್ಟಿತು.

ಹಾಗಾಗಿ ಗ್ರೂಪಿನಲ್ಲಿ ಮೊದಲು ಆಗಬೇಕಾದ ಕೆಲಸ ಒಂದು ಎಕ್ಸೆಲ್ ಶೀಟ್. ಬ್ಲಾಕ್, ಮನೆ ಸಂಖ್ಯೆ, ಒಪ್ಪಂದದ ದಿನಾಂಕ, ಕೊಡುವುದಾಗಿ ಹೇಳಿದ ದಿನಾಂಕ, ಕಟ್ಟಿದ ಹಣ, ಕೇಳುವ ಪರಿಹಾರ. ಈ ಕಾಲಮುಗಳು ತುಂಬಿದಾಗ ಯಾರ ನಷ್ಟ ಯಾರ ನಷ್ಟಕ್ಕೆ ಹೊಂದುತ್ತದೆ, ಯಾರು ಯಾರ ಜೊತೆ ಸೇರಿ ದೂರು ಕೊಡಬಹುದು ಎಂಬುದು ವಕೀಲರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ದೂರು ಕೊಡಲು ಕಾಯ್ದೆಯ 69ನೇ ಕಲಮಿನ ಪ್ರಕಾರ, ತೊಂದರೆಯ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಗಡುವಿದೆ. ಚರ್ಚೆ ಎಷ್ಟು ಬಿಸಿಯಾಗಿದ್ದರೂ ಈ ಗಡುವು ಕಾಯುವುದಿಲ್ಲ. ಗ್ರಾಹಕ ಆಯೋಗಗಳು ಸಾಕ್ಷ್ಯ ಕಾನೂನಿನ ಎಲ್ಲ ಕಟ್ಟುನಿಟ್ಟಿಗೂ ಬದ್ಧವಲ್ಲವಾದರೂ, ಬಿಲ್ಡರ್ ಕಡೆಯವರು ಗ್ರೂಪಿನಲ್ಲಿ ಬರೆದುಕೊಟ್ಟ ಭರವಸೆಗಳ ಸ್ಕ್ರೀನ್‌ಶಾಟ್ ಜೊತೆಗೆ ಅದು ವಿದ್ಯುನ್ಮಾನ ಮೂಲದಿಂದ ತೆಗೆದದ್ದೆಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಟ್ಟರೆ ಎದುರು ವಕೀಲರು ಆಕ್ಷೇಪಿಸುವ ಅವಕಾಶ ಕಡಿಮೆಯಾಗುತ್ತದೆ. ಸಂದೇಶ ಬಂದಿದ್ದ ಮೂಲ ಫೋನನ್ನು ಅಲ್ಲಿಯವರೆಗೆ ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಡಬೇಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಬ್ಬರು ಮೂವರ ಬಳಿ ಇರಿಸಿ, ಯಾಕೆಂದರೆ ದೂರು ದಾಖಲಾದ ಸುದ್ದಿ ಹಬ್ಬಿದ ಮೇಲೆ ಬಿಲ್ಡರ್ ಕಡೆಯ ಸದಸ್ಯರು ಗ್ರೂಪು ಬಿಟ್ಟು ಹೋಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.